ಧಣಿಯೂ ನೀವೇ, ಆಳೂ ನೀವೇ

1961ರ ವಸಂತಕಾಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ವಿಲ್ಮಿಂಗ್ಟನ್ ಬಳಿ ವ್ಯಾಲೆಂಟೈನ್ ಬೈಲರ್ ಎಂಬ ಆಮಿಶ್ ರೈತ ಹೊಲ ಉಳುತ್ತಿದ್ದ. ತೆರಿಗೆ ಇಲಾಖೆಯವರು ನೇರ ಹೊಲಕ್ಕೇ ಬಂದರು. ನೇಗಿಲಿಗೆ ಕಟ್ಟಿದ್ದ ಕುದುರೆಗಳನ್ನು ಬಿಚ್ಚಿಕೊಂಡು ಹೋದರು. ಒಂದಲ್ಲ ಎರಡಲ್ಲ, ಮೂರು ಕುದುರೆ. ಅವನ್ನು ಮಾರಿ ಬಾಕಿ ವಸೂಲು ಮಾಡಿಕೊಂಡರು.

ಬೈಲರ್ ಆದಾಯ ತೆರಿಗೆ ಕದ್ದವನಲ್ಲ. ಮೋಟಾರು ಬೇಡ, ಕರೆಂಟು ಬೇಡ ಎಂದು ಕುದುರೆಗಾಡಿಯಲ್ಲೇ ಬದುಕುವ ಆಮಿಶ್ ಜನ ಆದಾಯ ತೆರಿಗೆಯನ್ನೂ ಜಮೀನಿನ ತೆರಿಗೆಯನ್ನೂ ಕಟ್ಟುತ್ತಲೇ ಬಂದಿದ್ದಾರೆ. ಅವನು ಕಟ್ಟುವುದಿಲ್ಲ ಎಂದದ್ದು ಸ್ವಯಂ ಉದ್ಯೋಗ ತೆರಿಗೆಯನ್ನು ಮಾತ್ರ. ಮುಪ್ಪಿನ ಪಿಂಚಣಿಗೆಂದು ಸರ್ಕಾರ ವಸೂಲು ಮಾಡುವ ಹಣ ಅದು. ನಮ್ಮ ಮುದುಕರನ್ನು ಮಕ್ಕಳು ನೋಡಿಕೊಳ್ಳುತ್ತಾರೆ, ಮಕ್ಕಳಿಲ್ಲದಿದ್ದರೆ ಊರು ನೋಡಿಕೊಳ್ಳುತ್ತದೆ, ವಿಮೆ ಮಾಡಿಸುವುದೆಂದರೆ ದೇವರ ಮೇಲೆ ನಂಬಿಕೆಯಿಲ್ಲ ಎಂದಂತೆ ಎಂಬುದು ಆಮಿಶರ ವಾದ. ಇದು ವಿಮೆಯಲ್ಲ ತೆರಿಗೆ, ಕಟ್ಟಲೇಬೇಕು ಎಂಬುದು ಸರ್ಕಾರದ ಪಟ್ಟು. ಉಳುವ ಕುದುರೆಯನ್ನು ಹೊಲದಿಂದಲೇ ಹೊಡೆದುಕೊಂಡು ಹೋದ ಸುದ್ದಿ ಪತ್ರಿಕೆಗಳಿಗೆ ಬಂದಮೇಲೆ ಸರ್ಕಾರಕ್ಕೇ ಮುಜುಗರವಾಯಿತು. 1965ರಲ್ಲಿ, ಮುದುಕರ ಆರೋಗ್ಯ ವಿಮೆಯಾದ ಮೆಡಿಕೇರ್ ಅನ್ನು ಹುಟ್ಟುಹಾಕಿದ ಕಾನೂನಿನಲ್ಲೇ, ಇಂಥ ಪಂಗಡಗಳ ಸ್ವಂತ ದುಡಿಮೆಗಾರರಿಗೆ ವಿನಾಯಿತಿ ಸಿಕ್ಕಿತು. ಪಿಂಚಣಿಯೂ ಬೇಡ, ಮೆಡಿಕೇರೂ ಬೇಡ ಎಂದು ಬರೆದುಕೊಡಬೇಕು. ಆ ಅರ್ಜಿಯ ಹೆಸರು ಫಾರ್ಮ್ 4029, ಇವತ್ತಿಗೂ ಚಾಲ್ತಿಯಲ್ಲಿದೆ.

ಫ್ರೀಮಾಂಟ್‌ನಲ್ಲಿ ಭರತನಾಟ್ಯ ಕಲಿಸುವ, ನ್ಯೂಜೆರ್ಸಿಯಲ್ಲಿ ಹಬ್ಬಕ್ಕೆ ಹೋಳಿಗೆ ಆರ್ಡರ್ ಹಿಡಿಯುವ, ಡಲ್ಲಾಸ್‌ನಲ್ಲಿ ಮನೆ ಮಾರಿಸಿಕೊಡುವ, ರಾತ್ರಿ ಹೊತ್ತು ಊಬರ್ ಓಡಿಸುವ ಕನ್ನಡಿಗರಿಗೆ ಆ ವಿನಾಯಿತಿ ಇಲ್ಲ. ಅವರೆಲ್ಲರೂ ಬೈಲರ್ ಕಟ್ಟದ ತೆರಿಗೆಯನ್ನೇ ಕಟ್ಟಬೇಕು. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಈ ತೆರಿಗೆಯ ಹೆಸರು ಮೊದಲ ಸಲ ಕಿವಿಗೆ ಬೀಳುವುದು ಏಪ್ರಿಲ್‌ನಲ್ಲಿ, ತೆರಿಗೆ ಲೆಕ್ಕ ಬರೆದುಕೊಡುವ ಸಿಪಿಎ ಎದುರು ಕುಳಿತಾಗ. ಆಗ ಬರುವ ಪ್ರಶ್ನೆಯೂ ಒಂದೇ: ಆದಾಯ ತೆರಿಗೆ ಇಷ್ಟು ಅಂದಿರಿ, ಸರಿ. ಅದರ ಮೇಲೆ ಇದೇನು?

ಯಾರಿಗೆ ಈ ತೆರಿಗೆ ಎಂಬುದನ್ನು ಮೊದಲು ಮುಗಿಸಿಬಿಡೋಣ. ಪೌರತ್ವ ಇರುವವರು, ಗ್ರೀನ್ ಕಾರ್ಡ್ ಇರುವವರು, ಕೆಲಸದ ಪರವಾನಗಿ ಪಡೆದ ಎಚ್-4 ವೀಸಾದವರು ಸ್ವಂತ ದುಡಿಮೆ ಮಾಡಬಹುದು, ಮಾಡಿದರೆ ಈ ತೆರಿಗೆಯೂ ಉಂಟು. ಎಚ್-1ಬಿಯವರು ಸ್ವಂತ ವ್ಯವಹಾರಕ್ಕೆ ಕೈ ಹಾಕುವಂತಿಲ್ಲ, ಹಾಕಿದರೆ ಕುತ್ತು ಬರುವುದು ತೆರಿಗೆಗಲ್ಲ, ವೀಸಾಕ್ಕೆ. ಓದಲು ಹೋದ ಎಫ್-1 ಹುಡುಗರು ಸಾಮಾನ್ಯವಾಗಿ ಮೊದಲ ಐದು ವರ್ಷ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು, ಹಾಗಾಗಿ ಅವರಿಗೆ ಈ ತೆರಿಗೆ ಇಲ್ಲ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ನಿವ್ವಳ ಗಳಿಕೆ ಮುಟ್ಟಿದರೆ ಸಾಕು, ಲೆಕ್ಕ ಕೊಡಬೇಕು. ಹಬ್ಬದ ಎರಡು ತಿಂಗಳ ಹೋಳಿಗೆ ವ್ಯಾಪಾರಕ್ಕೂ ಇದು ಅನ್ವಯಿಸುತ್ತದೆ. ಬಾಡಿಗೆ, ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭ ಇವು ಸಾಮಾನ್ಯವಾಗಿ ಇದರಡಿ ಬರುವುದಿಲ್ಲ. ಇದು ದುಡಿಮೆಯ ಮೇಲಿನ ತೆರಿಗೆ, ಆಸ್ತಿಯ ಮೇಲಿನದಲ್ಲ.

ಎರಡು ಪಾಲಿನ ಲೆಕ್ಕ

ಸಂಬಳದವರ ಪೇ ಸ್ಲಿಪ್ ನೋಡಿ. ಸೋಷಿಯಲ್ ಸೆಕ್ಯುರಿಟಿ ಎಂಬ ಆ ಮುಪ್ಪಿನ ಪಿಂಚಣಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45, ಒಟ್ಟು ಶೇ 7.65 ಮುರಿದುಕೊಂಡೇ ಸಂಬಳ ಕೈಗೆ ಬರುತ್ತದೆ. ಆ ಸ್ಲಿಪ್ಪಿನಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಕಂಪನಿಯೂ ತನ್ನ ಕಡೆಯಿಂದ ಅಷ್ಟೇ ಶೇ 7.65 ಸೇರಿಸಿ ಸರ್ಕಾರಕ್ಕೆ ಕಟ್ಟುತ್ತದೆ. ನಮ್ಮ ಪಿಎಫ್‌ನಲ್ಲಿ ನೌಕರನ ಪಾಲು, ಮಾಲೀಕನ ಪಾಲು ಎಂದಿರುವ ಹಾಗೆ. ಸ್ವಂತ ದುಡಿಮೆಗಾರನಿಗೆ ಮಾಲೀಕ ಬೇರೆ ಯಾರೂ ಇಲ್ಲ. ಕಾನೂನು ಅವನನ್ನು ಧಣಿ ಎಂದೂ ನೋಡುತ್ತದೆ, ಆಳು ಎಂದೂ ನೋಡುತ್ತದೆ, ಎರಡೂ ಪಾಲನ್ನು ಅವನಿಂದಲೇ ಕೇಳುತ್ತದೆ. 7.65ರ ಎರಡರಷ್ಟು, ಶೇ 15.3. ಈ ತೆರಿಗೆಯ ನಿಯಮಗಳಲ್ಲಿ ವಿಚಿತ್ರ ಎನಿಸುವುದೆಲ್ಲ ಈ ಎರಡು ಪಾಲಿನಿಂದಲೇ ಹುಟ್ಟಿದ್ದು. ಅದನ್ನು ಹಿಡಿದುಕೊಂಡರೆ ಉಳಿದದ್ದು ಬರಿಯ ಗುಣಾಕಾರ, ಭಾಗಾಕಾರ.

ಮೊದಲಿನಿಂದ ಹೀಗಿರಲಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಸಹಿ ಹಾಕಿದ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯಲ್ಲಿ ಸ್ವಂತ ದುಡಿಮೆಯವರು ಇರಲೇ ಇಲ್ಲ. ಮುರಿದುಕೊಳ್ಳಲು ಸಂಬಳವೇ ಇಲ್ಲದವರಿಂದ ವಸೂಲು ಮಾಡುವುದು ಹೇಗೆ ಎಂಬ ತೊಡಕು ಇತ್ತು. 1951ರಲ್ಲಿ ಅವರನ್ನು ಸೇರಿಸಿಕೊಂಡಾಗಲೂ ಎರಡು ಪಾಲಿನ ಬದಲು ಒಂದೂವರೆ ಪಾಲು ಮಾತ್ರ ಕೇಳಿದರು: ನೌಕರ ಶೇ 1.5 ಕಟ್ಟುತ್ತಿದ್ದಾಗ ಇವರದು ಶೇ 2.25. ರೈತರು 1955ರಲ್ಲಿ ಬಂದರು. ಡಾಕ್ಟರುಗಳು ತಮಗಿದು ಬೇಡ ಎಂದು ಬಹುಕಾಲ ಹೊರಗೇ ಉಳಿದು 1965ರಲ್ಲಿ ಸೇರಿದರು. 1983ರಲ್ಲಿ ಪಿಂಚಣಿ ನಿಧಿ ಬರಿದಾಗುವ ಹೊತ್ತಿಗೆ ರೇಗನ್ ಸರ್ಕಾರ ತಂದ ತಿದ್ದುಪಡಿ ಪೂರ್ತಿ ಎರಡು ಪಾಲು ಎಂದಿತು. ಶೇ 15.3 ಎಂಬ ದರ 1990ರಲ್ಲಿ ಬಂತು.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳೆಲ್ಲ 2025ರ ಗಳಿಕೆಗೆ ಸಂಬಂಧಿಸಿದವು. ಫ್ರೀಮಾಂಟ್‌ನ ಆ ನೃತ್ಯಗುರು ವರ್ಷಕ್ಕೆ 72,000 ಡಾಲರ್ ಫೀಸು ಪಡೆದರು ಎಂದುಕೊಳ್ಳಿ. ಹಾಲ್ ಬಾಡಿಗೆ, ಸ್ಪೀಕರ್, ಜಾಹೀರಾತು, ಓಡಾಟ ಎಲ್ಲ ಸೇರಿ 12,000 ಖರ್ಚು. ಶೆಡ್ಯೂಲ್ ಸಿ ಎಂಬ ಪುಟದಲ್ಲಿ ಇದನ್ನು ಬರೆದರೆ ನಿವ್ವಳ ಲಾಭ 60,000. ಲೆಕ್ಕ ಸುಲಭವಾಗಲಿ ಎಂದು ಅವರಿಗೆ ಮದುವೆಯಾಗಿಲ್ಲ, ಬೇರೆ ಆದಾಯವಿಲ್ಲ ಎಂದಿಟ್ಟುಕೊಳ್ಳೋಣ.

ಮುಂದಿನ ಪುಟ ಶೆಡ್ಯೂಲ್ ಎಸ್‌ಇ. ಅಲ್ಲಿ 60,000ವನ್ನು ಮೊದಲು 0.9235ರಿಂದ ಗುಣಿಸಬೇಕು. ಎಲ್ಲಿಂದ ಬಂತು ಈ ಅಂಕಿ? ನೂರರಲ್ಲಿ 7.65 ಕಳೆದರೆ ಉಳಿಯುವುದು 92.35. ಕಂಪನಿ ಕಟ್ಟುವ ಪಾಲು ನೌಕರನ ಸಂಬಳದ ಲೆಕ್ಕಕ್ಕೆ ಸೇರುವುದಿಲ್ಲವಲ್ಲ, ಹಾಗೆಯೇ ನಿಮ್ಮೊಳಗಿನ ಧಣಿಯ ಪಾಲನ್ನು ಮೊದಲೇ ಪಕ್ಕಕ್ಕೆ ಇಟ್ಟು ಉಳಿದದ್ದನ್ನು ಮಾತ್ರ ಆಳಿನ ಕೂಲಿ ಎಂದು ಎಣಿಸುತ್ತಾರೆ. ಉಳಿದದ್ದು 55,410. ಅದರ ಶೇ 15.3 ಎಂದರೆ 8,478 ಡಾಲರ್. ಇದು ಸ್ವಯಂ ಉದ್ಯೋಗ ತೆರಿಗೆ. ಅದರಲ್ಲಿ ಅರ್ಧ, 4,239 ಡಾಲರ್, ಧಣಿಯ ಪಾಲು. ಆದಾಯ ತೆರಿಗೆಯ ಲೆಕ್ಕ ಹಾಕುವಾಗ ಅದನ್ನು ಆದಾಯದಿಂದ ಕಳೆಯಬಹುದು.

ಆದಾಯ ತೆರಿಗೆ ಎಷ್ಟಾಯಿತು? 60,000ದಲ್ಲಿ ಆ 4,239 ಕಳೆಯಿರಿ, ಒಂಟಿ ವ್ಯಕ್ತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಕಳೆಯಿರಿ, ಸಣ್ಣ ವ್ಯವಹಾರಗಳಿಗೆ ಸಿಗುವ ಶೇ 20ರ ಕಡಿತ, ಇಲ್ಲಿ ಸುಮಾರು 8,002, ಅದನ್ನೂ ಕಳೆಯಿರಿ. ಉಳಿಯುವ 32,009 ಡಾಲರಿಗೆ ಶೇ 10 ಮತ್ತು ಶೇ 12ರ ದರದಲ್ಲಿ ಬರುವ ತೆರಿಗೆ ಸುಮಾರು 3,603. ನೋಡಿ ಹೇಗಿದೆ! ಆದಾಯ ತೆರಿಗೆ 3,603, ಸ್ವಯಂ ಉದ್ಯೋಗ ತೆರಿಗೆ 8,478. ಊರೆಲ್ಲ ಆದಾಯ ತೆರಿಗೆಯನ್ನು ಬೈಯುತ್ತದೆ, ನಿಜವಾದ ಭಾರ ಇರುವುದು ಎರಡನೆಯದರಲ್ಲಿ. ಮಧ್ಯಮ ಗಳಿಕೆಯ ಎಷ್ಟೋ ಸ್ವಂತ ದುಡಿಮೆಗಾರರ ಕತೆ ಇದೇ. ಸ್ಟ್ಯಾಂಡರ್ಡ್ ಡಿಡಕ್ಷನ್ ಆಗಲಿ ಶೇ 20ರ ಕಡಿತವಾಗಲಿ ಈ 8,478ರಲ್ಲಿ ಒಂದು ಸೆಂಟನ್ನೂ ಇಳಿಸುವುದಿಲ್ಲ. ಸೆಪ್-ಐಆರ್‌ಎ ಎಂಬ ನಿವೃತ್ತಿ ಖಾತೆಗೆ ಹಾಕಿದ ಉಳಿತಾಯ, ತನ್ನ ಆರೋಗ್ಯ ವಿಮೆಗೆ ಕಟ್ಟಿದ ಕಂತು ಕೂಡ ಆದಾಯ ತೆರಿಗೆಯನ್ನಷ್ಟೇ ಇಳಿಸುತ್ತವೆ.

ಇಳಿಸುವುದು ಒಂದೇ: ಶೆಡ್ಯೂಲ್ ಸಿಯಲ್ಲಿ ಬರೆದ ನ್ಯಾಯವಾದ ಖರ್ಚು. ಅಲ್ಲಿ ಬರೆದ ಪ್ರತಿ ನೂರು ಡಾಲರ್ ಖರ್ಚು ಈ ತೆರಿಗೆಯಲ್ಲೇ ಹದಿನಾಲ್ಕು ಡಾಲರ್ ಉಳಿಸುತ್ತದೆ, ಆದಾಯ ತೆರಿಗೆಯಲ್ಲಿ ಉಳಿಯುವುದು ಬೇರೆ. ಊಬರ್ ಓಡಿಸುವವರಿಗೆ ಇದು ದೊಡ್ಡ ಮಾತು. ವ್ಯವಹಾರಕ್ಕೆ ಓಡಿಸಿದ ಪ್ರತಿ ಮೈಲಿಗೆ 2025ರಲ್ಲಿ 70 ಸೆಂಟ್ ಖರ್ಚು ತೋರಿಸಬಹುದು. 40,000 ಡಾಲರ್ ಗಳಿಸಿ 30,000 ಮೈಲಿ ಓಡಿಸಿದವರಿಗೆ 21,000 ಖರ್ಚು, ಉಳಿದ ಲಾಭ 19,000, ತೆರಿಗೆ 2,685. ಮೈಲಿ ಬರೆದಿಡದೆ, ಪೆಟ್ರೋಲಿನ ರಸೀದಿಯನ್ನೂ ಎಸೆದು ಕುಳಿತವರಿಗೆ 40,000ಕ್ಕೂ ತೆರಿಗೆ, 5,652. ಸುಮಾರು ಮೂರು ಸಾವಿರ ಡಾಲರಿನ ವ್ಯತ್ಯಾಸ ಒಂದು ಡೈರಿಯಲ್ಲಿದೆ. ಮೈಲಿ ದರ ಹಿಡಿದವರು ಪೆಟ್ರೋಲು, ರಿಪೇರಿಯನ್ನು ಮತ್ತೆ ಬೇರೆಯಾಗಿ ತೋರಿಸುವಂತಿಲ್ಲ. ಅಲ್ಲಿ ಜಾಣತನ ಬೇಡ.

ಶೇ 15.3 ಎಂಬುದರೊಳಗೆ ಎರಡು ತುಂಡುಗಳಿವೆ. ಸೋಷಿಯಲ್ ಸೆಕ್ಯುರಿಟಿಯ ಶೇ 12.4ಕ್ಕೆ ಮೇಲ್ಮಿತಿ ಇದೆ, 2025ಕ್ಕೆ 1,76,100 ಡಾಲರ್. ಅದರಾಚೆಯ ಗಳಿಕೆಗೆ ಆ ತುಂಡು ಇಲ್ಲ. ಮೆಡಿಕೇರ್‌ನ ಶೇ 2.9ಕ್ಕೆ ಮಿತಿಯೇ ಇಲ್ಲ, ಒಂಟಿಯವರಿಗೆ 2 ಲಕ್ಷ, ಗಂಡ ಹೆಂಡತಿ ಸೇರಿ 2.5 ಲಕ್ಷ ದಾಟಿದರೆ ಇನ್ನೂ ಶೇ 0.9 ಹೆಚ್ಚು. ಸಾಫ್ಟ್‌ವೇರ್ ಕೆಲಸದಲ್ಲಿ 1,90,000 ಸಂಬಳ ಪಡೆದು ವಾರಾಂತ್ಯಕ್ಕೆ ಕನ್ಸಲ್ಟಿಂಗ್ ಮಾಡಿ 30,000 ಗಳಿಸುವ ಪೌರರೊಬ್ಬರ ಮಿತಿ ಸಂಬಳದಲ್ಲೇ ತುಂಬಿಹೋಗಿರುತ್ತದೆ. ಅವರಿಗೆ ಬೀಳುವುದು ಮೆಡಿಕೇರ್ ತುಂಡು ಮಾತ್ರ, ಶೇ 2.9ರ ಲೆಕ್ಕದಲ್ಲಿ 803 ಡಾಲರ್. ಅದೇ 30,000ವನ್ನು ಮನೆಯಲ್ಲಿ ಸಂಗೀತ ಕಲಿಸಿ ಅವರ ಹೆಂಡತಿ ಗಳಿಸಿದರೆ 4,239 ಡಾಲರ್. ಗಂಡ ಹೆಂಡತಿ ಒಟ್ಟಿಗೇ ರಿಟರ್ನ್ ಸಲ್ಲಿಸಿದರೂ ಈ ಮಿತಿ ತಲೆಗೊಂದರಂತೆ. ಹೆಚ್ಚು ಗಳಿಸುವವನಿಗೆ ಕಡಿಮೆ, ಕಡಿಮೆ ಗಳಿಸುವವಳಿಗೆ ಹೆಚ್ಚು ಎಂದು ಸಿಟ್ಟು ಬರುವುದು ಸಹಜ. ಆದರೆ ಆ ತೆರಿಗೆ ಕಟ್ಟಿದ್ದರಿಂದ ಆಕೆಯ ಗಳಿಕೆ ಆಕೆಯದೇ ಹೆಸರಿನ ಪಿಂಚಣಿ ಖಾತೆಯಲ್ಲಿ ದಾಖಲಾಗುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ವರ್ಷಕ್ಕೆ ನಾಲ್ಕು ಗಡುವು

ನನ್ನ ಅಭಿಪ್ರಾಯದಲ್ಲಿ ಈ ತೆರಿಗೆ ಜನರನ್ನು ಕೆಡವುವುದು ದರದಿಂದಲ್ಲ, ದಿನಾಂಕದಿಂದ. ಸಂಬಳದವರ ತೆರಿಗೆಯನ್ನು ಕಂಪನಿಯ ಅಕೌಂಟ್ಸ್‌ನವರು ಮುರಿದು ಕಟ್ಟುತ್ತಾರೆ. ಇಲ್ಲಿ ಆ ಗುಮಾಸ್ತನೂ ನೀವೇ. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮರುವರ್ಷದ ಜನವರಿ 15 ಎಂದು ನಾಲ್ಕು ಕಂತು. ತ್ರೈಮಾಸಿಕ ಕಂತು ಎನ್ನುತ್ತಾರಾದರೂ ಅವು ಸಮನಾಗಿಲ್ಲ: ಮೊದಲನೆಯದು ಮೂರು ತಿಂಗಳ ಗಳಿಕೆಗೆ, ಎರಡನೆಯದು ಎರಡೇ ತಿಂಗಳಿಗೆ, ಮೂರನೆಯದು ಮೂರಕ್ಕೆ, ಕೊನೆಯದು ನಾಲ್ಕಕ್ಕೆ. ಏಪ್ರಿಲ್ ಕಂತು ಕಟ್ಟಿ ಉಸಿರು ಬಿಡುವಷ್ಟರಲ್ಲಿ ಜೂನ್ ಬಂದಿರುತ್ತದೆ. ನಮ್ಮ ನೃತ್ಯಗುರುವಿನ ಒಟ್ಟು ತೆರಿಗೆ ಸುಮಾರು 12,080, ಕಂತಿಗೆ 3,020. ಫ್ರೀಮಾಂಟ್ ಇರುವ ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆ ಬೇರೆ, ಅದರ ಕಂತುಗಳ ಪ್ರಮಾಣವೂ ಬೇರೆ: ಶೇಕಡಾ 30, 40, ಸೊನ್ನೆ, 30. ಯಾಕೆ ಹೀಗೆ ಎಂದು ರಾಜಧಾನಿ ಸಾಕ್ರಮೆಂಟೊದವರನ್ನೇ ಕೇಳಬೇಕು.

ಈ ವರ್ಷ ಎಷ್ಟು ಗಳಿಸುತ್ತೇನೆಂದು ಏಪ್ರಿಲ್‌ನಲ್ಲೇ ಹೇಗೆ ಹೇಳಲಿ ಎಂಬ ಪ್ರಶ್ನೆ ಏಳುತ್ತದೆ. ಹೇಳಬೇಕಾಗಿಲ್ಲ. ಹಿಂದಿನ ವರ್ಷದ ಒಟ್ಟು ತೆರಿಗೆಯಷ್ಟನ್ನು ನಾಲ್ಕು ಭಾಗ ಮಾಡಿ ಕಟ್ಟಿದರೆ ಸಾಕು, ಈ ವರ್ಷ ಗಳಿಕೆ ಎರಡರಷ್ಟಾದರೂ ದಂಡವಿಲ್ಲ. ಹಿಂದಿನ ವರ್ಷದ ಆದಾಯ ಒಂದೂವರೆ ಲಕ್ಷ ಡಾಲರ್ ದಾಟಿದ್ದವರು ಆ ವರ್ಷದ ತೆರಿಗೆಯ ಶೇ 110 ಕಟ್ಟಬೇಕು. ಇಲ್ಲವಾದರೆ ಈ ವರ್ಷದ ತೆರಿಗೆಯ ಶೇ 90. ವರ್ಷದ ಕೊನೆಗೆ ಬಾಕಿ 1,000 ಡಾಲರಿಗಿಂತ ಕಡಿಮೆ ಇದ್ದರೂ ದಂಡವಿಲ್ಲ. ದಂಡ ಎಂದು ಕರೆದರೂ ಅದು ಬಡ್ಡಿಯ ಲೆಕ್ಕವೇ, 2025ರಲ್ಲಿ ವರ್ಷಕ್ಕೆ ಶೇ 7ರಂತೆ.

ಮನೆಯಲ್ಲಿ ಒಬ್ಬರಿಗೆ ಸಂಬಳ, ಇನ್ನೊಬ್ಬರಿಗೆ ಸ್ವಂತ ದುಡಿಮೆ ಇದ್ದರೆ ಈ ನಾಲ್ಕು ತಾರೀಕಿನ ತಲೆನೋವೇ ಬೇಡ. ಸಂಬಳದವರು ಕಂಪನಿಗೆ ಹೊಸ ಡಬ್ಲ್ಯು-4 ಫಾರ್ಮ್ ಕೊಟ್ಟು ಪ್ರತಿ ಸಂಬಳದಲ್ಲೂ ಇಷ್ಟು ಹೆಚ್ಚು ಮುರಿಯಿರಿ ಎಂದರೆ ಮುಗಿಯಿತು. ಹಾಗೆ ಮುರಿದದ್ದನ್ನು ವರ್ಷವಿಡೀ ಸಮನಾಗಿ ಕಟ್ಟಿದಂತೆಯೇ ಪರಿಗಣಿಸುತ್ತಾರೆ, ಅಕ್ಟೋಬರ್‌ನಲ್ಲಿ ಎಚ್ಚೆತ್ತುಕೊಂಡು ಮುರಿಸಿದರೂ ಸರಿ. ಜಂಟಿಯಾಗಿ ರಿಟರ್ನ್ ಸಲ್ಲಿಸುವ ದಂಪತಿಗಳಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಇನ್ನೊಂದು ದಾರಿಯನ್ನು ಪಾರ್ಟಿಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: ಎಸ್ ಕಾರ್ಪೊರೇಷನ್ ಎಂಬ ಕಂಪನಿ ಮಾಡಿಬಿಡಿ, ಸಂಬಳ ಅಂತ ಸ್ವಲ್ಪ ತೋರಿಸಿ ಉಳಿದದ್ದನ್ನು ಲಾಭಾಂಶ ಎಂದು ತೆಗೆಯಿರಿ, ಲಾಭಾಂಶಕ್ಕೆ ಈ ತೆರಿಗೆ ಇಲ್ಲ. ಕಾನೂನಿನಲ್ಲಿ ಅವಕಾಶ ಇರುವುದು ನಿಜ. ಸಂಬಳ ನ್ಯಾಯವಾಗಿರಬೇಕು ಎಂಬ ಷರತ್ತೂ ನಿಜ. ಅಯೋವಾ ರಾಜ್ಯದ ಡೇವಿಡ್ ವಾಟ್ಸನ್ ಸ್ವತಃ ಸಿಪಿಎ. ವರ್ಷಕ್ಕೆ 24,000 ಡಾಲರ್ ಸಂಬಳ ತೋರಿಸಿಕೊಂಡು ಅದರ ಹಲವು ಪಟ್ಟು ಹಣವನ್ನು ಲಾಭಾಂಶವಾಗಿ ಪಡೆದರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕೆಲಸಕ್ಕೆ ತಕ್ಕ ಸಂಬಳ 91,044 ಡಾಲರ್ ಎಂಬ ಕೆಳ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ತೆರಿಗೆ, ದಂಡ, ಬಡ್ಡಿ ಎಲ್ಲ ಹಿಂದಿನಿಂದ ಬಂತು. ವೇತನಪಟ್ಟಿ, ಬೇರೆ ರಿಟರ್ನ್, ಅದರ ಸಿಪಿಎ ಫೀಸು ಇವನ್ನೆಲ್ಲ ಕೂಡಿಸಿದರೆ 60,000 ಲಾಭದವರಿಗೆ ಈ ಏರ್ಪಾಡು ಗಿಟ್ಟುವುದು ಕಷ್ಟ.

ಆ್ಯಪ್ ಕಂಪನಿಗಳ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ನೃತ್ಯಗುರು ನಿಜವಾಗಿಯೂ ತನಗೆ ತಾನೇ ಧಣಿ. ದರ ಕಂಪನಿಯದು, ಗಿರಾಕಿ ಕಂಪನಿಯದು, ಕೆಲಸದಿಂದ ತೆಗೆಯುವ ಅಧಿಕಾರವೂ ಕಂಪನಿಯದು ಆಗಿರುವಾಗ ಊಬರ್ ಚಾಲಕ ಯಾವ ಲೆಕ್ಕದಲ್ಲಿ ಧಣಿ? ಕ್ಯಾಲಿಫೋರ್ನಿಯಾ 2020ರಿಂದ ಜಾರಿಗೆ ತಂದ ಎಬಿ 5 ಕಾನೂನು ಇಂಥವರನ್ನು ನೌಕರರೆಂದೇ ಕಾಣಲು ಹೊರಟಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿಗಳು ಹಣ ಸುರಿದು ಗೆಲ್ಲಿಸಿಕೊಂಡ ಪ್ರೊಪೊಸಿಷನ್ 22 ಎಂಬ ಜನಮತದ ಕಾನೂನು ಆ್ಯಪ್ ಚಾಲಕರನ್ನು ಮತ್ತೆ ಸ್ವತಂತ್ರ ಗುತ್ತಿಗೆದಾರರೆಂದಿತು, 2024ರ ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಎರಡೂ ಪಾಲು ಚಾಲಕನ ತಲೆಗೇ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆ ಇವರನ್ನು ನೌಕರರೆನ್ನದೆಯೂ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಯ ಮೇಲೆಯೇ ಹೊರಿಸಿದೆ. ಮೊತ್ತ ಸಣ್ಣದಾದರೂ ಧಣಿ ಯಾರೆಂದು ಗುರುತಿಸುವುದರಲ್ಲಿ ನಮ್ಮ ಕಾನೂನಿನ ಕಣ್ಣು ಚುರುಕಾಗಿದೆ.

ಬೆಂಗಳೂರಿಗೆ ಬಂದರೂ ಬಿಡದು

ಈ ತೆರಿಗೆಯ ಬಾಲ ಬೆಂಗಳೂರಿನ ತನಕ ಚಾಚಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಪೌರತ್ವ ಪಡೆದು, ಈಗ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಜಯನಗರಕ್ಕೆ ಮರಳಿ, ಮನೆಯಿಂದಲೇ ಕನ್ಸಲ್ಟಿಂಗ್ ಮಾಡುವವರಿದ್ದಾರೆ. ಹೊರದೇಶದ ದುಡಿಮೆಗೆ 2025ರಲ್ಲಿ 1,30,000 ಡಾಲರ್‌ವರೆಗೆ ಅಮೆರಿಕದ ಆದಾಯ ತೆರಿಗೆಯಿಂದ ವಿನಾಯಿತಿ ಪಡೆಯಬಹುದು. ಅದನ್ನು ನಂಬಿ ಅವರು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಆ ವಿನಾಯಿತಿ ಸ್ವಯಂ ಉದ್ಯೋಗ ತೆರಿಗೆಗೆ ತಾಗುವುದಿಲ್ಲ. ಭಾರತದಲ್ಲಿ ಕಟ್ಟಿದ ಆದಾಯ ತೆರಿಗೆಯನ್ನೂ ಅದಕ್ಕೆ ವಜಾ ಹಾಕಿಕೊಳ್ಳುವಂತಿಲ್ಲ. 50,000 ಡಾಲರ್ ನಿವ್ವಳ ಗಳಿಸಿದರೆ ಆದಾಯ ತೆರಿಗೆ ಸೊನ್ನೆಯಾದರೂ 7,065 ಡಾಲರ್ ಕಟ್ಟಬೇಕು. ಜರ್ಮನಿ, ಜಪಾನ್, ದಕ್ಷಿಣ ಕೊರಿಯಾ ಮುಂತಾದ ದೇಶಗಳೊಡನೆ ಅಮೆರಿಕ ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡಿದೆ, ಅಲ್ಲಿ ನೆಲೆಸಿದವರು ಒಂದೇ ಕಡೆ ಕಟ್ಟಿದರೆ ಸಾಕು. ಭಾರತದೊಡನೆ ಅಂಥ ಒಪ್ಪಂದ ಇಲ್ಲ.

ಹಾಗೆಂದು ಅಮೆರಿಕದ ಗಿರಾಕಿಗೆ ಇಲ್ಲಿಂದಲೇ ಕೆಲಸ ಮಾಡಿಕೊಡುವ ಹುಬ್ಬಳ್ಳಿಯ ಹುಡುಗ ಹೆದರಬೇಕಾಗಿಲ್ಲ. ಆ ದೇಶದ ಪೌರನೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ, ಭಾರತದಲ್ಲೇ ಕೂತು ದುಡಿಯುವವನಿಗೆ ಈ ತೆರಿಗೆ ಇಲ್ಲ. ಗಿರಾಕಿ ಕೇಳುವ ಡಬ್ಲ್ಯು-8ಬೆನ್ ಫಾರ್ಮ್ ತುಂಬಿಕೊಟ್ಟು, ತನ್ನ ತೆರಿಗೆಯನ್ನು ಇಲ್ಲಿ ಕಟ್ಟಿದರಾಯಿತು.

ಕಟ್ಟಿದ ಹಣಕ್ಕೆ ಏನು ಬರುತ್ತದೆ? ಅಮೆರಿಕದ ಪಿಂಚಣಿಗೆ 40 ಕ್ರೆಡಿಟ್ ಬೇಕು. 2025ರಲ್ಲಿ 1,810 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಅಂದರೆ 2025ರಲ್ಲಿ 7,240 ಡಾಲರ್ ತೋರಿಸಿದರೆ ಆ ವರ್ಷದ ನಾಲ್ಕೂ ಕ್ರೆಡಿಟ್ ನಿಮ್ಮವು, ಇಂಥ ಹತ್ತು ವರ್ಷ ಸಾಕು. ಎಷ್ಟೋ ವರ್ಷ ಎಚ್-4ರಲ್ಲಿ ಕೆಲಸವಿಲ್ಲದೆ ಕಳೆದು ಆಮೇಲೆ ಮನೆಯಲ್ಲೇ ಪಾಠ, ಅಡುಗೆ, ಹೊಲಿಗೆ ಎಂದು ಶುರು ಮಾಡಿದ ಹೆಣ್ಣುಮಕ್ಕಳಿಗೆ ತಮ್ಮದೇ ಹೆಸರಿನ ಪಿಂಚಣಿಗೆ ಇರುವ ದಾರಿ ಇದು. ಬ್ಯಾಂಕಿನ ಜೆಲ್ ಮೂಲಕ ಬಂದ ಹಣಕ್ಕೆ ಆದಾಯ ತಿಳಿಸುವ ಯಾವ 1099 ಕಾಗದವೂ ಬರುವುದಿಲ್ಲವಲ್ಲ, ತೋರಿಸುವುದೇಕೆ ಎನ್ನುವವರು ತೆರಿಗೆ ಉಳಿಸಿದೆವು ಎಂದುಕೊಂಡು ತಮ್ಮ ಮುಪ್ಪಿನ ಹಣವನ್ನೇ ಬಿಟ್ಟುಕೊಡುತ್ತಿರುತ್ತಾರೆ. ಕಾಗದ ಬರಲಿ ಬಿಡಲಿ, ಆದಾಯ ಆದಾಯವೇ. ಅದನ್ನು ತೋರಿಸುವುದಕ್ಕೆ ಕಾಲಮಿತಿಯೂ ಇದೆ: ವರ್ಷ ಮುಗಿದ ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನದೊಳಗೆ ರಿಟರ್ನ್ ಸಲ್ಲಿಸದಿದ್ದರೆ ಆ ಗಳಿಕೆ ಪಿಂಚಣಿ ಖಾತೆಗೆ ಸೇರುವುದಿಲ್ಲ. ತೆರಿಗೆಯ ಬಾಕಿ ಮಾತ್ರ ಹಾಗೇ ಉಳಿಯುತ್ತದೆ.

ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಕೋರಿಕೆ. ನಿಮ್ಮ ಯುಗಾದಿ ಕಾರ್ಯಕ್ರಮ ನಡೆಯುವುದು ಹೆಚ್ಚುಕಡಿಮೆ ರಿಟರ್ನ್ ಸಲ್ಲಿಸುವ ಹೊತ್ತಿನಲ್ಲೇ. ಸೀರೆ, ಒಡವೆ, ರಿಯಲ್ ಎಸ್ಟೇಟಿನ ಮೇಜುಗಳ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ನಿಮ್ಮಲ್ಲೇ ಇರುವ ಸಿಪಿಎ ಒಬ್ಬರನ್ನು ಎರಡು ಗಂಟೆ ಕೂರಿಸಿ. ಶೆಡ್ಯೂಲ್ ಎಸ್‌ಇ ಎರಡೇ ಪುಟದ್ದು. ಕನ್ನಡದಲ್ಲಿ ವಿವರಿಸಲು ಅರ್ಧ ಗಂಟೆ ಸಾಕು.